ಎರಡು ಹಿಡಿ ಅಕ್ಕಿಯ ಅರ್ಜಿ

"ಪ್ರಳಯವೇ ಬರಲಿ, ನಮ್ಮ ಮನೆಯ ಒಲೆ ಮಾತ್ರ ಆರೋದಿಲ್ಲ!" ಎಂದು ಫೈಲಪ್ಪನವರು ಘೋಷಿಸಿದಾಗಲೇ ಅವರ ಹೆಂಡತಿಯ ಎದೆ ಧಸಕ್ಕೆಂದಿತು. ಮೂವತ್ತು ವರ್ಷ ಕಚೇರಿಯ ದಾಖಲೆ ಕೋಣೆ ಕಾದು ನಿವೃತ್ತರಾದ ಗುಮಾಸ್ತರು ಅವರು. ಕಾಯಲು ಏನಾದರೂ ಬೇಕಿತ್ತು. ಅಕ್ಕಿ, ಬೇಳೆ, ಹಿಟ್ಟು ಡ್ರಮ್ಮುಗಟ್ಟಲೆ ಬಂದು ಮಲಗುವ ಕೋಣೆಯನ್ನು ಆಕ್ರಮಿಸಿದವು. ಮಂಚ ಹಜಾರಕ್ಕೆ ಗಡೀಪಾರಾಯಿತು.

"ರೀ, ಹುಳ ಬೀಳಲ್ವಾ?"

"ನನ್ನ ಒಂದು ಫೈಲನ್ನ ಹುಳ ಮುಟ್ಟಿದ್ದುಂಟೇನೆ? ಅದರ ಗುಟ್ಟು ನಂಗೊತ್ತು!"

ಗುಟ್ಟೇನೆಂದು ಹೇಳಲಿಲ್ಲ. ಮುಚ್ಚಳಗಳಿಗೆ ಮೇಣದ ಮುದ್ರೆ ಬಿತ್ತು, ಬಾಗಿಲಿಗೆ ಬೀಗ ಬಿತ್ತು. ಲಿಖಿತ ಅರ್ಜಿಯಿಲ್ಲದೆ ಒಂದು ಕಾಳೂ ಹೊರಹೋಗಕೂಡದು. ದಿನದ ಅಡುಗೆಗೆ ಮೂಲೆ ಅಂಗಡಿಯಿದೆಯಲ್ಲ!

ಒಂದು ಸಂಜೆ ಎದುರು ಮನೆಯ ಮೇಷ್ಟ್ರ ಹೆಂಡತಿ ಬಂದರು. "ಅಣ್ಣಾ, ಇವರಿಗೆ ಮೈ ಸುಡ್ತಿದೆ. ಅಂಗಡಿ ಮುಚ್ಚಿದೆ. ಗಂಜಿಗೆ ಎರಡು ಹಿಡಿ ಅಕ್ಕಿ ಕೊಡ್ತೀರಾ?"

ಮೇಷ್ಟ್ರು ಹದಿನೈದು ವರ್ಷದ ಚದುರಂಗದ ಜೊತೆಗಾರರು. ಆದರೆ ನಿಯಮ ನಿಯಮವೇ! ಆಕೆಯಿಂದ ಅರ್ಜಿ ಬರೆಸಿಕೊಂಡ ಫೈಲಪ್ಪನವರು ಕನ್ನಡಕ ಏರಿಸಿ, ಕೆಳಗೆ ದುಂಡಗೆ ಬರೆದರು: 'ತುರ್ತು ಎಂದು ಕಂಡುಬರುವುದಿಲ್ಲ. ತಿರಸ್ಕರಿಸಲಾಗಿದೆ.' ಆಕೆ ಕಾಗದ ಮಡಿಚಿಕೊಂಡು ಹೊರಟುಹೋದರು.

"ಕೋಣೆಗಲ್ಲ ರೀ, ನಿಮ್ಮ ಎದೆಗೇ ಬೀಗ ಬಿದ್ದಿದೆ!" ಎಂದರು ಹೆಂಡತಿ.

ಜ್ವರ ಬಿಟ್ಟರೂ ಎದುರು ಜಗಲಿಗೆ ಚದುರಂಗದ ಮಣೆ ಬರಲಿಲ್ಲ. ಫೈಲಪ್ಪನವರು ದಿನವೂ ಕಿಟಕಿಯಲ್ಲಿ ನಿಂತು ನೋಡುವರು. ಹೋಗಿ ತಪ್ಪಾಯಿತೆನ್ನಲು ಹತ್ತೇ ಹೆಜ್ಜೆ. ಆದರೆ ಕಾಲು ಏಳಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಊರಿಗೆ ಬರುವ ರಸ್ತೆ ಕುಸಿಯಿತು, ಅಂಗಡಿ ಮುಚ್ಚಿತು. ಎರಡನೇ ದಿನಕ್ಕೆ ಅಡುಗೆಮನೆ ಬರಿದು! ಕೊನೆಗೂ ಬಂತು ಫೈಲಪ್ಪನವರ ಮಹಾಮುಹೂರ್ತ. ಬೀಗ ತೆರೆದರು, ಮುದ್ರೆ ಒಡೆದರು, ಮುಚ್ಚಳ ಎತ್ತಿದರು.

ಗುಪ್ಪೆಂದು ವಾಸನೆ! ಗಂಡಹೆಂಡಿರಿಬ್ಬರೂ ಹಜಾರಕ್ಕೆ ಓಡಿದರು. ಪ್ರತಿ ಡ್ರಮ್ಮಿನಲ್ಲೂ ಬಟ್ಟೆಯ ಗಂಟು, ಗಂಟಿನ ತುಂಬ ನುಸಿಗುಳಿಗೆ!

"ಇದೇನಾ ನಿಮ್ಮ ಗುಟ್ಟು?"

"ಫೈಲುಗಳಿಗೆ ಇದೇ ಹಾಕ್ತಿದ್ದೆ ಕಣೇ…"

"ಫೈಲನ್ನ ಯಾರೂ ತಿಂತಿರ್ಲಿಲ್ಲ ರೀ!"

ವಾಸನೆ ರಸ್ತೆ ದಾಟಿ ಎದುರು ಮನೆಗೂ ಸುದ್ದಿ ಮುಟ್ಟಿಸಿತು. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಮೇಷ್ಟ್ರು! ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಬೆಯಾಡುವ ಗಂಜಿಯ ಪಾತ್ರೆ. ಮುಚ್ಚಳದ ಮೇಲೆ ಮಡಿಚಿದ ಕಾಗದ. ಫೈಲಪ್ಪನವರು ಬಿಡಿಸಿದರು. ಅದೇ ಅರ್ಜಿ! ಹಿಂಬದಿಯಲ್ಲಿ ಮೇಷ್ಟ್ರ ಅಕ್ಷರ: 'ತುರ್ತು ಎಂದು ಕಂಡುಬಂದಿದೆ. ಮಂಜೂರು ಮಾಡಲಾಗಿದೆ. ಪಡೆದವರ ಸಹಿ:'

ಅಕ್ಷರಗಳು ಕಣ್ಣಮುಂದೆ ಕಲಸಿಹೋದವು. "ಮೇಷ್ಟ್ರೇ, ನಂದು ದೊಡ್ಡ ತಪ್ಪಾಯ್ತು. ಅವತ್ತು ನಾನು…"

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದರು.

"ಅದಕ್ಕೆ ಬೇರೆ ಅರ್ಜಿ ಬರೆದ್ಕೊಡಿ. ಈಗ ಸಹಿ ಹಾಕಿ, ಗಂಜಿ ಆರುತ್ತೆ!"