ತೊಂಬೆಗೆ ಅಂಟಿಸಿದ ವೇಳಾಪಟ್ಟಿ

ಮದ್ದೂರಿನ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ನನಗೆ ಅಳೆಯುವ ಕೆಲಸ. ನಾವು ಊರಿಗೆ ಮಾಡಿದ ಉಪಕಾರ ಎಷ್ಟು ಎಂದು ಅಳೆದು ಬರೆಯಬೇಕು. ಅದಕ್ಕೊಂದು ಮಾನದಂಡಗಳ ಪುಸ್ತಕವಿದೆ. ನೀರಿಗಾಗಿ ಯಾರೂ ಅರ್ಧ ಗಂಟೆಗಿಂತ ಹೆಚ್ಚು ಕಾಯಬಾರದು ಎಂದು ಅದರಲ್ಲಿ ಬರೆದಿದೆ. ಆ ಪುಸ್ತಕವೊಂದು ಕೈಯಲ್ಲಿದ್ದರೆ ಯಾವ ಊರನ್ನಾದರೂ ತಿಂಗಳೊಳಗೆ ಉದ್ಧಾರ ಮಾಡಬಲ್ಲೆ ಎಂದು ನಂಬಿದ್ದೆ.

ಬೆಸಗರಹಳ್ಳಿಯಾಚೆಯ ಒಂದು ಊರಿನಲ್ಲಿ ನಾವೇ ನೀರಿನ ತೊಂಬೆ ಕಟ್ಟಿಸಿದ್ದೆವು. ಒಂದು ಬೆಳಿಗ್ಗೆ ಅಲ್ಲಿ ಮೊಬೈಲಿನಲ್ಲಿ ಗಡಿಯಾರ ಓಡಿಸಿಕೊಂಡು ನಿಂತೆ. ಹೆಂಗಸರು ಬಿಂದಿಗೆ ಹಿಡಿದು ಮುಕ್ಕಾಲು ಗಂಟೆ ಸಾಲಿನಲ್ಲಿದ್ದರು. ಮಾನದಂಡದ ಸ್ಪಷ್ಟ ಉಲ್ಲಂಘನೆ! ಅವರು ಮಾತಾಡಿಕೊಂಡು ನಗುತ್ತಲೂ ಇದ್ದರು. ಅದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಮರುದಿನವೇ ಮನೆಗೆ ಹತ್ತು ನಿಮಿಷದಂತೆ ವೇಳಾಪಟ್ಟಿ ಮಾಡಿ ತೊಂಬೆಗೆ ಅಂಟಿಸಿದೆ. ಸಾಲಿನಲ್ಲಿ ಮುಂದಿದ್ದ ಸಾಕಮ್ಮ ಪಟ್ಟಿಯನ್ನೂ ನನ್ನನ್ನೂ ನೋಡಿದರು.

"ಯಾಕ್ ಸಾ ಇದೆಲ್ಲಾ? ಕಾಯದು ಕಷ್ಟ ಅಂತ ನಾವೇನಾರಾ ಏಳಿದ್ವಾ?"

ಅವರ ಸಮಯ ಎಷ್ಟು ಅಮೂಲ್ಯ ಎಂದು ಅವರಿಗೇ ಅರ್ಧ ಗಂಟೆ ವಿವರಿಸಿದೆ.

ಎರಡು ವಾರದಲ್ಲಿ ಸಾಲು ಮಾಯವಾಯಿತು. ಬಿಕೋ ಎನ್ನುವ ತೊಂಬೆಯ ಫೋಟೋ ತೆಗೆದು, 'ಗುರಿ ಸಾಧಿಸಲಾಗಿದೆ' ಎಂದು ವರದಿ ಬರೆದು ಕಳಿಸಿದೆ. ಮೇಲಿನವರು ಮೆಚ್ಚಿದರು. ಆಫೀಸಿನವರಿಗೆಲ್ಲ ನಾನೇ ವಡೆ ಕೊಡಿಸಿದೆ.

ಮುಂದಿನ ವಾರ ಸಾಕಮ್ಮ ಫೋನು ಮಾಡಿದರು. ಅದೇ ಊರಿನ ಕೆಂಪಜ್ಜಿ ಎಂಬ ಮುದುಕಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಒಂಟಿ ಜೀವ. ಸಾಲು ಇದ್ದಾಗ ಅಜ್ಜಿಯ ಬಿಂದಿಗೆಯನ್ನು ಯಾರೋ ತುಂಬುತ್ತಿದ್ದರು, ಇನ್ಯಾರೋ ಹೊತ್ತು ಮನೆಗೆ ಮುಟ್ಟಿಸುತ್ತಿದ್ದರು. ನಾನು ಅಳೆದ ಮುಕ್ಕಾಲು ಗಂಟೆಯಲ್ಲಿ ಆ ಕೆಲಸವೂ ಸೇರಿತ್ತು. ನನ್ನ ಪಟ್ಟಿ ಬಂದ ಮೇಲೆ ಅಜ್ಜಿಯ ಹತ್ತು ನಿಮಿಷದಲ್ಲಿ ಅಲ್ಲಿ ಅಜ್ಜಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಬಿಂದಿಗೆ ಹೊತ್ತು ಓಣಿಯಲ್ಲಿ ಜಾರಿದ್ದರು. ಮುಂದಿನ ಸರದಿಯ ಸಾಕಮ್ಮ ನೀರು ಹಿಡಿದುಕೊಂಡು ಆ ದಾರಿಯಲ್ಲಿ ವಾಪಸು ಬರುವವರೆಗೂ ಕೆಸರಿನಲ್ಲೇ ಕೂತಿದ್ದರಂತೆ.

ಮದ್ದೂರಿನ ಆಸ್ಪತ್ರೆಗೆ ಓಡಿದೆ. ಕೂಗಬಾರದಿತ್ತೇ ಅಜ್ಜಿ ಎಂದು ಕೇಳಿದೆ.

"ನನ್ ಟೈಮು ಮುಗ್ದೋಗಿತ್ತು ಕಣಪ್ಪ. ಕೂಗುದ್ರೆ ಸಾಕಮ್ಮನ್ ಟೈಮು ಆಳಾಯ್ತದೆ ಅಂತ ಸುಮ್ನೆ ಕುಂತಿದ್ದೆ."

ಊರಿನಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರು ಅವರೊಬ್ಬರೇ.

ಪಟ್ಟಿ ಕೀಳಲು ಹೋದರೆ, ಹೆಂಗಸರು ಅದನ್ನಾಗಲೇ ಒಲೆಗೆ ಹಾಕಿದ್ದರು. ಸಾಲು ಮತ್ತೆ ನಿಂತಿತ್ತು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಾಕಮ್ಮ ಅಜ್ಜಿಯ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟು ಕೊನೆಯಲ್ಲಿ ನಿಲ್ಲಿಸಿದರು. ಐವತ್ತು ನಿಮಿಷ ಕಾದೆ. ತುಂಬಿದ ಬಿಂದಿಗೆಯನ್ನು ಹೆಗಲಿಗೇರಿಸಿ ನಡೆದೆ. ಅರ್ಧ ನೀರು ನನ್ನ ಪ್ಯಾಂಟು ಕುಡಿಯಿತು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದ ಅಜ್ಜಿ ಬಿಂದಿಗೆಯೊಳಗೆ ಇಣುಕಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನೀನು ಬ್ಯಾಡ ಕಣಪ್ಪ. ನಾಳಿಕೆ ಸಾಕಮ್ಮನ್ನೇ ಕಳ್ಸು."