ಮೇಷ್ಟರ ನಾನೂರು ಗ್ರಾಂ

ನನ್ನದು ಕೊಬ್ಬರಿ ಎಣ್ಣೆಯ ಗಾಣ, ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ. ಲೀಟರಿಗೂ ಕಿಲೋಗೂ ಇಲ್ಲಿ ಜಗಳ ಇದ್ದದ್ದೇ. ಬಿಡಿಸಿ ಹೇಳುವ ಮಾತು ನನಗೆ ಬಾರದು. ಅದಕ್ಕೇ ಇಷ್ಟೆಲ್ಲ ಆಯಿತು.

೧. ನೀರಿನ ಪಾಠ

ದಂಡಿನಶಿವರದ ನಿವೃತ್ತ ಮೇಷ್ಟರಿಗೆ ಅವರ ಕಣ್ಣೆದುರೇ ಐದು ಲೀಟರ್ ಎಣ್ಣೆ ಅಳೆದು ಕೊಟ್ಟೆ. ಮಧ್ಯಾಹ್ನ ಕ್ಯಾನು ಹಿಡಿದು ವಾಪಸು ಬಂದರು. ಮನೆಯಲ್ಲಿ ತೂಗಿದರಂತೆ. ಕ್ಯಾನಿನ ತೂಕ ಕಳೆದರೆ ನಾಲ್ಕು ಕಿಲೋ ಆರುನೂರು ಗ್ರಾಂ.

"ಮಿಕ್ಕ ನಾನೂರು ಗ್ರಾಂ ಎಲ್ಲಿ?"

ಎಣ್ಣೆ ಹಗುರ ಎಂದೆ. ಒಂದು ಲೀಟರ್ ಅಂದರೆ ಒಂದು ಕಿಲೋ ಅಂತ ಮೂವತ್ತು ವರ್ಷ ಪಾಠ ಮಾಡಿದ್ದೇನೆ ಎಂದರು.

"ನೀರಿನ ಪಾಠ ಮಾಡಿದ್ದೀರಿ ಮೇಷ್ಟ್ರೇ."

ಗೆದ್ದೆ ಎಂದುಕೊಂಡೆ. ಅವರು ಸ್ಕೂಟರ್ ಹತ್ತಿ ದಾರಿಯ ಪ್ರತಿ ಟೀ ಅಂಗಡಿಯಲ್ಲೂ ಇಳಿದು, ಗಾಣದವನು ನಾನೂರು ಗ್ರಾಂ ನುಂಗಿದ ಎಂದು ಹೇಳಿಕೊಂಡು ಊರು ಸೇರಿದರು.

೨. ಒಂದು ಕಿಲೋ, ಮೂರು ತಲೆ

ಗಿರಾಕಿ ನಿಂತುಹೋಯಿತು. ವಾರಕ್ಕೆ ಎರಡು ದಿನ ಗಾಣ ತಿರುಗಿದರೆ ಹೆಚ್ಚು. ಇನ್ನೊಂದು ತಿಂಗಳು ಹೀಗೇ ಆದರೆ ಬಾಗಿಲು ಹಾಕಬೇಕಿತ್ತು.

ಆಗ ಹುಳಿಯಾರಿನ ಅಜ್ಜಿ ಸೊಸೆಯೊಂದಿಗೆ ಬಂದಳು. ಟೀ ಅಂಗಡಿಯ ಸುದ್ದಿ ಅವಳಿಗೂ ಮುಟ್ಟಿತ್ತು. ಲೀಟರಿನಲ್ಲಿ ಮೋಸವಂತೆ, ಕಿಲೋ ತೂಗು ಎಂದಳು. ತಂದದ್ದು ಲೀಟರ್ ಬಾಟಲು. ಕಿಲೋ ತೂಗಿ ಸುರಿದೆ. ಬಾಟಲು ತುಂಬಿತು, ಎಣ್ಣೆ ಉಳಿಯಿತು.

ಬಿಟ್ಟು ಹೋಗುವ ಜೀವ ಅಲ್ಲ ಅದು. ತನ್ನ ತಲೆಗೆ ಹಾಕಿಕೊಂಡಳು, ಸೊಸೆಯ ತಲೆಗೆ ತಟ್ಟಿದಳು. ಇನ್ನೂ ಉಳಿಯಿತು.

"ತಲೆ ಬಗ್ಗಿಸು ಕಣಪ್ಪ."

ಬಗ್ಗಿಸಿದೆ. ನನ್ನ ಬೋಳು ತಲೆಗೆ ಉಜ್ಜಿ, ನಿನಗೆ ಬಲು ಕಮ್ಮಿ ಹಿಡೀತದೆ ಎಂದು ಬೇಜಾರು ಮಾಡಿಕೊಂಡಳು.

೩. ಗಡ್ಡೆ ಎಣ್ಣೆ

ಮಾರ್ಗಶಿರದ ಚಳಿ. ಬೆಳಿಗ್ಗೆ ಮೇಷ್ಟರೇ ಬಂದರು. ಮೊಮ್ಮಗಳ ಮದುವೆ. ಕಜ್ಜಾಯಕ್ಕೆ ನನ್ನ ಗಾಣದ ಎಣ್ಣೆಯೇ ಆಗಬೇಕೆಂದು ಅಡುಗೆಯವನು ಹಟ ಹಿಡಿದಿದ್ದನಂತೆ. ಮೂವತ್ತು ಲೀಟರ್. ನನ್ನ ಮೇಲೆ ನಂಬಿಕೆಯಿಲ್ಲದೆ ಲೀಟರ್ ಮಾಪನ್ನು ಮನೆಯಿಂದಲೇ ತಂದಿದ್ದರು.

ಡಬ್ಬದ ಮುಚ್ಚಳ ತೆಗೆದೆ. ಎಣ್ಣೆ ಚಳಿಗೆ ಗಡ್ಡೆ ಕಟ್ಟಿ ಬೆಣ್ಣೆಯಾಗಿತ್ತು. ಅಳೆಯುವುದೆಲ್ಲಿ? ಎಲ್ಲ ಕರಗಿಸಲು ಹೊತ್ತಿಲ್ಲ, ಆಟೋ ಕಾಯುತ್ತಿದೆ. ಹಾಗಾದರೆ ಮೂವತ್ತು ಕಿಲೋ ತೂಗು ಎಂದರು.

ಇಪ್ಪತ್ತೇಳು ಕಿಲೋ ಆರುನೂರಕ್ಕೆ ನಿಲ್ಲಿಸಿದೆ.

"ನೋಡ್ರಪ್ಪ, ಈ ಸಲ ಎಲ್ಲರ ಎದುರಿಗೇ ನುಂಗ್ತಾನೆ" ಎಂದರು. ಎಣ್ಣೆಗೆ ಬಂದಿದ್ದ ನಾಲ್ಕಾರು ಜನ ತಿರುಗಿದರು. ಅವರಲ್ಲಿ ಹುಳಿಯಾರಿನ ಅಜ್ಜಿಯೂ ಇದ್ದಳು, ಈ ಸಲ ದೊಡ್ಡ ಬಾಟಲಿನೊಂದಿಗೆ.

"ಅವತ್ತು ಐದು ಲೀಟರ್ ಎಷ್ಟು ತೂಗಿತ್ತು ಮೇಷ್ಟ್ರೇ?" ಎಂದು ಕೇಳಿದೆ.

"ನಾಲ್ಕು ಕಿಲೋ ಆರುನೂರು." ಅದು ಅವರಿಗೆ ಬಾಯಿಪಾಠ.

"ಐದರಿಂದ ಭಾಗಿಸಿ."

"ಒಂಬೈನೂರಿಪ್ಪತ್ತು."

ಒಂಬೈನೂರಿಪ್ಪತ್ತು ಗ್ರಾಂ ಗಡ್ಡೆ ತೂಗಿ, ಒಲೆಯ ಮೇಲೆ ಕರಗಿಸಿ, ಅವರದೇ ಮಾಪಿಗೆ ಸುರಿದೆ. ಕಂಠಮಟ್ಟ ತುಂಬಿ ನಿಂತಿತು. ಒಂದು ತೊಟ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮೂವತ್ತು ಲೀಟರಿಗೆ ಇಪ್ಪತ್ತೇಳು ಕಿಲೋ ಆರುನೂರೇ.

ಅಜ್ಜಿ ಮುಂದೆ ಬಂದು ಮಾಪಿನೊಳಗೆ ಇಣುಕಿದಳು.

"ಕಳ್ಳ ಆಗಿದ್ರೆ ನೀವು ಕೇಳಿದ ಮೂವತ್ತು ಕಿಲೋನೂ ತೂಗಿ ದುಡ್ಡು ಇಸ್ಕೊತಿದ್ದ ಕಣ್ರೀ. ಬುಡಿ ಅತ್ಲಾಗೆ."

ಮೇಷ್ಟರು ಸೀಮೆಸುಣ್ಣ ಕೇಳಿದರು. ಗಾಣದ ಬಾಗಿಲ ಮೇಲೆ ದುಂಡಗೆ ಬರೆದರು: ಒಂದು ಲೀಟರ್ ಕೊಬ್ಬರಿ ಎಣ್ಣೆ, ಒಂಬೈನೂರಿಪ್ಪತ್ತು ಗ್ರಾಂ. ಅಡಿಗೆರೆ ಎಳೆದರು. ಕೈಯ ಅಭ್ಯಾಸ ಬಿಡಲಿಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಪರೀಕ್ಷೆಗೆ ಬರುತ್ತದೆ.

ಹೋಗುವಾಗ ಪ್ರತಿ ಟೀ ಅಂಗಡಿಯಲ್ಲೂ ಮತ್ತೆ ಇಳಿದರಂತೆ. ಗಾಣ ಈಗ ವಾರವೆಲ್ಲ ತಿರುಗುತ್ತದೆ. ಬಾಗಿಲ ಬರಹದ ಮೇಲೆ ಬಣ್ಣ ತುಂಬಿಸಿದ್ದೇನೆ. ಜಗಳಕ್ಕೆ ಬಂದವರಿಗೆ ಬೆರಳು ತೋರಿಸುತ್ತೇನೆ.

ಇದುವರೆಗೆ ಎಲ್ಲರೂ ಪಾಸು.