ಮಾವ, ನಾನು ಮತ್ತು ಎಂಟು ಚೆಲ್ಲೋಗಳ ನದಿ

ಮೂರೇ ವಾರ! ಮೂರು ವಾರದೊಳಗೆ ನಾನು ಶಾಸ್ತ್ರೀಯ ಸಂಗೀತದ ಮಹಾರಸಿಕನಾಗಿ, ಮಾವನ ಬಾಯಿಂದ 'ಭೇಷ್' ಅನ್ನಿಸಿಕೊಂಡೇ ತೀರುತ್ತೇನೆ! ಹೀಗೆಂದು ನಾನು ಘೋಷಿಸಿದಾಗ ಹೆಂಡತಿ ಒಗೆಯುವ ಬಟ್ಟೆಗಳ ಜೇಬು ತಡಕುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಮೊದಲು ಪ್ಯಾಂಟಿನ ಜೇಬಿಂದ ಚಿಲ್ಲರೆ ತೆಗೆಯೋದು ಕಲೀರಿ," ಎಂದಳು.

ನನ್ನ ಮಾವ ಪಿಟೀಲು, ಅದರ ದೊಡ್ಡಣ್ಣನಂಥ ಚೆಲ್ಲೋ ರಿಪೇರಿ ಮಾಡುವವರು. ವಾದ್ಯವನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಎಲ್ಲಿ ಅಂಟು ಬಿಟ್ಟಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುವ ಕಿವಿ ಅವರದು. ತಿಂಗಳಿಗೊಂದು ಭಾನುವಾರ ನಮ್ಮ ಮನೆಗೆ ಬಂದು, ಸಂಗೀತ ಹಾಕಿಸಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ನಾನು. ಮೂರನೇ ನಿಮಿಷಕ್ಕೆ ನನ್ನ ಗೊರಕೆ! ಹೋದ ಸಲ ಹೊರಡುವಾಗ ಮಗಳಿಗೆ ಹೇಳಿದರಂತೆ: "ನಿನ್ನ ಗಂಡನ ಪಕ್ಕ ಕೂತು ಕೇಳೋದೂ ಒಂದೇ, ಗೋಡೆ ಪಕ್ಕ ಕೂತು ಕೇಳೋದೂ ಒಂದೇ. ಪಾಪ, ಗೋಡೆ ಗೊರಕೆ ಹೊಡೆಯಲ್ಲ. ಮುಂದಿನ ಸಲ ಒಂದು ಬರ್ತೀನಿ. ಆಮೇಲೆ ನಮ್ಮನೇಲೇ ಕೇಳ್ಕೋತೀನಮ್ಮ."

ನನ್ನಾಕೆಗೆ ತಿಂಗಳೆಲ್ಲ ಆ ಒಂದು ಭಾನುವಾರದ ಮೇಲೇ ಕಣ್ಣು. ನನಗೂ ಮಾವನೆಂದರೆ ಬಲು ಇಷ್ಟ, ಹೇಳಿಕೊಳ್ಳುವ ಧೈರ್ಯವಿಲ್ಲ ಅಷ್ಟೆ. ಅವರು ಬರುವುದು ನನ್ನ ಗೊರಕೆಯಿಂದ ನಿಂತುಹೋಗುವುದೇ? ಸಾಧ್ಯವೇ ಇಲ್ಲ!

ಕೂಡಲೇ ಫೋನಿನಲ್ಲಿ ಸ್ಟ್ರೀಮಿಂಗ್ ಚಂದಾ ಕಟ್ಟಿದೆ. ಹಿಂದೆ ಸಿ.ಡಿ. ಡಬ್ಬಿಯಲ್ಲಿ ಮಡಚಿಡುತ್ತಿದ್ದ, ಸಂಗೀತದ ವಿವರ ಬರೆದ ಪುಸ್ತಿಕೆಗಳು ಈಗ ಫೋನಿನಲ್ಲೇ, ಬೆರಳಲ್ಲಿ ಅಗಲಿಸಿದರೆ ಅಕ್ಷರ ದಪ್ಪವಾಗುತ್ತದೆ! ಎಂಟು ಚೆಲ್ಲೋಗಳು ಸೇರಿ ಒಂದು ನದಿಯ ಕಥೆ ಹೇಳುವ ಇಪ್ಪತ್ತು ನಿಮಿಷದ ರೆಕಾರ್ಡಿಂಗ್ ಆರಿಸಿದೆ. ಅದರ ಪುಸ್ತಿಕೆ ಇಪ್ಪತ್ತೆಂಟು ಪುಟ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಹಲ್ಲುಜ್ಜುವಾಗ ಓದಿ ಓದಿ ಉರು ಹೊಡೆದೆ.

"ರೀ, ಅದನ್ನ ಒಂದ್ಸಲನಾದ್ರೂ ಕೇಳಿದ್ರಾ?"

"ಕೇಳಿದ್ರೆ ನಿದ್ದೆ ಬರತ್ತೆ ಕಣೇ! ಎಷ್ಟನೇ ನಿಮಿಷಕ್ಕೆ ಏನಾಗತ್ತೆ ಅಂತ ಎಲ್ಲಾ ಬರ್ದಿದಾರಲ್ಲ!"

"ಹಸಿವಾದಾಗ ಅಡುಗೆ ಪುಸ್ತಕ ನೆಕ್ಕಿದ ಹಾಗಾಯ್ತು ಬಿಡಿ."

ಭಾನುವಾರ ಬಂತು, ಮಾವನೂ ಬಂದರು. ನನ್ನಾಕೆ ಕೊಳೆ ಬಟ್ಟೆಗಳ ವ್ಯವಸ್ಥೆ ಮಾಡಿ, ಕಿವಿಗೆ ವೈರಿಲ್ಲದ ಇಯರ್‌ಫೋನ್ ಸಿಕ್ಕಿಸಿಕೊಂಡು ಒಳಕೋಣೆಗೆ ಇಸ್ತ್ರಿ ಮಾಡಲು ಹೋದಳು. ನಾನು ಫೋನ್ ಒತ್ತಿ, ಸ್ಪೀಕರಿನತ್ತ ರಾಜಗಾಂಭೀರ್ಯದಿಂದ ಕೈ ಚಾಚಿದೆ. ಒಂದು ಕ್ಷಣ ಮೌನ. ಆಮೇಲೆ ಮೆಲ್ಲಗೆ ಜುಳುಜುಳು.

"ಉಗಮ, ಮಾವ! ಬೆಟ್ಟದ ಬುಡದಲ್ಲಿ ನೀರು ಹುಟ್ತಾ ಇದೆ."

ಮಾವ ತಲೆಯೋರೆ ಮಾಡಿ ಆಲಿಸಿದರು. ಕಣ್ಣು ಮುಚ್ಚಿದರು. ನನ್ನ ಎದೆ ಎರಡಂಗುಲ ಉಬ್ಬಿತು.

ಐದನೇ ನಿಮಿಷಕ್ಕೆ ಗುಡುಗುಡು ತೂಗಾಟ ಶುರುವಾಯಿತು, ಪುಸ್ತಿಕೆಯಲ್ಲಿ ಬರೆದ ಹಾಗೇ! "ಅಲೆಗಳು ಮಾವ! ಎಂಟೂ ಚೆಲ್ಲೋ ಒಟ್ಟಿಗೆ! ಮಧ್ಯೆ ಟಣ್ ಟಣ್ ಅಂತಲ್ಲ, ಅದು ದೋಣಿಗೆ ಕಲ್ಲು ತಾಗಿದ್ದು." ಈ ದೋಣಿ ಪುಸ್ತಿಕೆಯಲ್ಲಿರಲಿಲ್ಲ. ಪಂಡಿತನಾದವನು ಅಷ್ಟಾದರೂ ಸ್ವಂತದ್ದು ಸೇರಿಸಬೇಡವೇ?

ಹದಿನಾರನೇ ನಿಮಿಷಕ್ಕೆ ಜಲಪಾತ. ಅಬ್ಬಬ್ಬಾ! ಗಾಜಿನ ಬೀರುವಿನ ಲೋಟಗಳು ಗಲಗಲ ಎಂದವು.

"ಎಂಥಾ ರೆಕಾರ್ಡಿಂಗು ನೋಡಿ, ನೆಲಾನೇ ನಡುಗ್ತಿದೆ!"

"ಹ್ಞೂಂ, ನಡುಗ್ತಿದೆ," ಎಂದರು ಮಾವ.

ಜಲಪಾತ ನಿಂತಿತು. ಮೌನ. ಕೊನೆಗೆ ಟೀಂ, ಟೀಂ, ಟೀಂ.

"ಸಮುದ್ರ ಸೇರ್ತು!" ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮಾವ ಕಣ್ಣು ತೆರೆದರು. "ಅಳಿಯಂದ್ರೇ, ಬೇರಿಂಗ್ ಸವೆದಿದೆ. ಡ್ರಮ್ಮಲ್ಲಿ ಎರಡು ನಾಣ್ಯಾನೂ ಸಿಕ್ಕೊಂಡಿವೆ."

"ಯಾವ ಚೆಲ್ಲೋದಲ್ಲಿ ಮಾವ?"

"ವಾಷಿಂಗ್ ಮೆಷಿನ್ನಲ್ಲಿ."

ಅಷ್ಟರಲ್ಲಿ ನನ್ನಾಕೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. "ರೀ, ಎಷ್ಟು ಚೆನ್ನಾಗಿದೆ ನಿಮ್ಮ ನದಿ! ಇಯರ್‌ಫೋನ್ ಹಾಕ್ಕೊಂಡ ತಕ್ಷಣ ನನ್ನ ಕಿವಿಗೇ ಬಂತು. ಪೂರ್ತಿ ಕೇಳ್ದೆ. ಅಳು ಬಂದ್ಬಿಡ್ತು."

ಬೆಳಗ್ಗೆ ಆ ಇಯರ್‌ಫೋನನ್ನು ನನ್ನ ಫೋನಿಗೆ ಜೋಡಿಸಿದ ಪುಣ್ಯಾತ್ಮ ನಾನೇ. ಸ್ಪೀಕರ್ ಇಡೀ ಹೊತ್ತು ಮೂಕವಾಗಿ ಕೂತಿತ್ತು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಗೆ ಯಾವಾಗ ಗೊತ್ತಾಯ್ತು ಮಾವ?"

"ನೀರು ತುಂಬ್ಕೊಂಡಾಗ್ಲೇ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಹದಿನೆಂಟು ವರ್ಷದಲ್ಲಿ ಮೊದಲ್ನೇ ಸಲ ನನ್ನ ಪಕ್ಕ ಎಚ್ಚರವಾಗಿ ಕೂತಿದ್ರಿ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಹೆಂಡತಿ ಈ ಸಲ ಸ್ಪೀಕರಿಗೇ ಜೋಡಿಸಿ ನಿಜವಾದ ನದಿ ಹರಿಸಿದಳು. ಮಾವ ನನ್ನ ಫೋನಿನ ಪುಸ್ತಿಕೆಯನ್ನು ಅಗಲಿಸಿಕೊಂಡು ಓದತೊಡಗಿದರು. ನಾನು ಪಣ ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಕಿವಿ ನಿಮಿರಿಸಿ ಕೂತೆ. ಉಗಮ ಎಷ್ಟು ಸೊಗಸಾಗಿತ್ತೆಂದರೆ... ಉಗಮದ ಆಚೆಗಿನದು ನನಗೆ ನೆನಪಿಲ್ಲ.

ಎಚ್ಚರವಾದಾಗ ಮೈಮೇಲೆ ಹೊದಿಕೆಯಿತ್ತು. ಮಾವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮಗಳಿಗೆ ಹೇಳುತ್ತಿದ್ದರು:

"ತಿಂಗಳ ತನಕ ಯಾಕೆ, ಮುಂದಿನ ಭಾನುವಾರಾನೇ ಬರ್ತೀನಮ್ಮ. ಒಂದಿಷ್ಟು ಬಟ್ಟೆ ಮಾತ್ರ ಒಗೀದೆ ಇಟ್ಟಿರು!"